ಮುಂದಿನವರ ಹೆಗಲು

ಬಾಸಿತ್‌ನ ಅಂಗೈ ಮುಂದೆ ನಿಂತಿದ್ದ ಅಪರಿಚಿತ ಹಿರಿಯರೊಬ್ಬರ ಬೆನ್ನಿಗೆ ತಾಗಿದಾಗಲೇ ಪ್ರೇಮಾವತಿ ಟೀಚರಿಗೆ ತನ್ನ ತಪ್ಪು ಹೊಳೆಯಿತು. ವಿಶೇಷ ಮಕ್ಕಳ ಶಾಲೆಯಲ್ಲಿ ಸಾಲು ನಿಲ್ಲುವುದನ್ನು ಕಲಿಸುವಾಗ, ಮುಂದಿನವರ ಹೆಗಲ ಮೇಲೆ ಕೈಯಿಡಲು ಹೇಳಿಕೊಟ್ಟವಳು ಅವಳೇ. ಮೆಲ್ಕಾರಿನ ಈ ಹೆದ್ದಾರಿ ಬದಿಯ ಬೇಕರಿಯ ಸಾಲಿನಲ್ಲಿ ಮುಂದಿನವರು ಗುರುತಿಲ್ಲದ ಯಾರೋ ಆಗಿರುತ್ತಾರೆಂದು ಯೋಚಿಸಿರಲಿಲ್ಲ.

ಅವರು ಅವನ ಕೈಯನ್ನು ಕೊಡವಿದರೆ ಹುಡುಗ ಕಿರುಚಿ ಹೆದ್ದಾರಿಗೆ ಓಡುತ್ತಾನೆ. ಹಿಂದೊಮ್ಮೆ ಹಾಗಾದ ಮೇಲೆ ತಾಯಿ ಜುಲೈಕಾ ಅವನನ್ನು ಹೊರಗೆ ಕರೆದೊಯ್ಯುವುದನ್ನೇ ನಿಲ್ಲಿಸಿದ್ದರು. "ಇದೊಂದು ಸಲ ಕಳಿಸ್ತೇನೆ ಟೀಚರ್, ಸರಿಯಾಗದಿದ್ದರೆ ಇನ್ನು ಕೇಳ್ಬೇಡಿ" ಎಂದಿದ್ದರು.

ಆ ಹಿರಿಯರು ತಿರುಗಿದರು. "ಎಂತ ಮಾರಾಯ, ದೂಡ್ತೀಯಾ?"

"ದೂಡುವುದಲ್ಲ ಅಣ್ಣಾ, ಸಾಲಿನಲ್ಲಿ ಕಾಯ್ಲಿಕ್ಕೆ ಕಲಿಯುತ್ತಿದ್ದಾನೆ. ಹಿಡ್ಕೊಳ್ಳದಿದ್ದರೆ ನಿಲ್ಲಲಿಕ್ಕೆ ಗೊತ್ತಾಗುವುದಿಲ್ಲ."

"ಪಾಪದ ಹುಡುಗ, ಅವನಿಗೆ ಮೊದಲು ಕೊಡುವ!" ಎಂದು ಅಂಗಡಿಯವನು ಒಳಗಿನಿಂದ ಕೂಗಿದ.

"ಯಾಕೆ? ನಾನಿಲ್ಲಿ ಸುಮ್ಮನೆ ನಿಂತದ್ದಾ? ಅವನು ನನ್ನ ಹಿಂದೆ" ಎಂದು ಗದರಿದ ಹಿರಿಯರು, ಚೀಲವನ್ನು ನೆಲಕ್ಕಿಟ್ಟು ಮೊಣಕಾಲು ಬಾಗಿಸಿ, ಹುಡುಗನ ಕೈಗೆ ಎಟುಕದ ಹೆಗಲನ್ನು ತಗ್ಗಿಸಿದರು. "ಹಿಡ್ಕೊ. ಇನ್ನೂ ಇಬ್ಬರು ಇದ್ದಾರೆ ಮುಂದೆ."

ಬಾಸಿತ್ ಹಿಡಿದುಕೊಂಡ. ಅಷ್ಟು ಹೊತ್ತು ತಾನು ಬಿಗಿಯಾಗಿ ಹಿಡಿದಿದ್ದ ಅವನ ಇನ್ನೊಂದು ಕೈಯನ್ನು ಪ್ರೇಮಾವತಿ ಮೆಲ್ಲನೆ ಬಿಟ್ಟಳು.