ನೆರೆಮನೆಯ ಸುಳ್ಳು

ಹದಿನೆಂಟು ತುಂಬಿದವರೆಲ್ಲ ಒಂದು ದರ್ಶನವನ್ನು ಆರಿಸಿ ಅದರ ಚುಚ್ಚುಮದ್ದು ಹಾಕಿಸಿಕೊಳ್ಳಬೇಕಿತ್ತು. ಆಮೇಲೆ ಬದಲಾಯಿಸುವ ಹಾಗಿರಲಿಲ್ಲ. ಇಂದುಮತಿ ಆರಿಸಿದ್ದು ಕಾಂಟ್‌ನ ಕರ್ತವ್ಯವಾದ. ಅಂದಿನಿಂದ ಅವಳ ನಾಲಿಗೆಯಲ್ಲಿ ಸುಳ್ಳು ಹೊರಳುತ್ತಿರಲಿಲ್ಲ. ಗಂಡ ಸುಖದುಃಖಕ್ಕೆ ಅಲುಗದ ಸ್ಟೋಯಿಕ್; ಮಗಳ ಕಾಯಿಲೆಯ ರಿಪೋರ್ಟ್ ಓದಿ, ಮಡಿಸಿಟ್ಟು, ಗಿಡಗಳಿಗೆ ನೀರು ಹಾಕಲು ಹೋದ.

"ಅಮ್ಮಾ, ನಂಗೆ ವಾಸಿಯಾಗುತ್ತಾ?" ಎಂದು ಒಂಬತ್ತು ವರ್ಷದ ಚಾರ್ವಿ ಬೆಳಗಿನಿಂದ ಕೇಳುತ್ತಲೇ ಇದ್ದಳು. ಆಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿತ್ತು.

ಆ ಬೀದಿಯಲ್ಲಿ ಹೆಪ್ಪಿಗೆ ಮಜ್ಜಿಗೆ ತರುವ ಹಾಗೆ ಸುಳ್ಳನ್ನೂ ನೆರೆಮನೆಯಿಂದ ತರುವ ವಾಡಿಕೆಯಿತ್ತು. ಇಂದುಮತಿ ಪಕ್ಕದ ಮನೆಯ ಫ್ಲೋರಿನಕ್ಕನನ್ನು ಕರೆತಂದಳು. ಯಾಕೆಂದು ಹೇಳಲಿಲ್ಲ; ಅವರೂ ಕೇಳಲಿಲ್ಲ. ಫ್ಲೋರಿನಕ್ಕ ಉಪಯುಕ್ತತಾವಾದಿ, ಸುಖ ಹೆಚ್ಚುವುದಾದರೆ ಯಾವ ಮಾತಿಗೂ ಹಿಂಜರಿಯುವವರಲ್ಲ.

"ಏನೇ ಸೋಮಾರಿ, ಇನ್ನೂ ಹಾಸಿಗೆಯಲ್ಲೇ ಇದ್ದೀಯಾ? ಮುಂದಿನ ತಿಂಗಳು ನಮ್ಮ ಅಂಗಳದಲ್ಲಿ ಕುಂಟೆಬಿಲ್ಲೆ ಆಡ್ತೀಯ, ನೋಡ್ತಿರು!"

"ಅಮ್ಮ ಹೇಳ್ಲಿ," ಎಂದಳು ಚಾರ್ವಿ.

ಇಂದುಮತಿ ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಮಗಳು ಅವಳ ಮುಖವನ್ನೇ ನೋಡಿದಳು. ಯಾವ ದರ್ಶನದ ಸೂಜಿಯೂ ಇನ್ನೂ ತಾಗದ ಆ ಮಗು ತಾಯಿಯ ಸೆರಗು ಹಿಡಿದುಕೊಂಡು, "ಪರವಾಗಿಲ್ಲಮ್ಮ, ನಂಗೇನೂ ಭಯ ಆಗ್ತಿಲ್ಲ," ಎಂದಿತು.

ಸೆರಗನ್ನು ಮಾತ್ರ ಮುಷ್ಟಿಗೆ ಇನ್ನಷ್ಟು ಬಿಗಿಯಾಗಿ ಸುತ್ತಿಕೊಂಡಿತು.