ಕಲ್ಕತ್ತಾಗೆ ಎರಡೂವರೆ ಗಂಟೆ

ಕುದುರೆಗಳಿಗೆ ಮೇವಾಗಿ ಹಾಕುವ ಕುದುರೆಮಸಾಲೆ ಸೊಪ್ಪಿನ ವಾಸನೆ ಬಂದರೆ ಈಗಲೂ ಕುಣಿಗಲ್ಲಿನ ಆ ಮಧ್ಯಾಹ್ನ ನೆನಪಾಗುತ್ತದೆ. ಕುದುರೆ ಲಾಯದಲ್ಲಿ ಕೆಲಸಕ್ಕಿದ್ದ ಅಪ್ಪ, ತಾಯಿ ಸತ್ತ ಹೆಣ್ಣುಮರಿಯೊಂದನ್ನು ಬಾಟಲಿ ಹಾಲು ಕುಡಿಸಿ ಬೆಳೆಸಿದ್ದರು. ಅದು ಮಾರಾಟವಾಗಿ, ಅಂದು ಬೆಂಗಳೂರಿನಿಂದ ಕಲ್ಕತ್ತಾಗೆ ವಿಮಾನದಲ್ಲಿ ಹೊರಟಿತ್ತು. ಜೊತೆಗೆ ಹೋಗಲು ಒಬ್ಬರಿಗಷ್ಟೇ ಜಾಗ. ಆ ಜಾಗ, ಮರಿಯನ್ನು ಕೊಂಡವರು ಕಳಿಸಿದ್ದ ಬೆಂಗಳೂರಿನವನಿಗೆ. ಅಪ್ಪ ಅವನಿಗೆ ಸಿಳ್ಳೆ ಹೇಳಿಕೊಟ್ಟರು.

“ಹಿಂಗೆ ಸಿಳ್ಳೆ ಹಾಕ್ದಿದ್ರೆ ಅವಳು ಉಚ್ಚೆ ಹುಯ್ಯಲ್ಲ ಕಣಪ್ಪಾ. ತಡ್ಕೊಂಡು ಹೊಟ್ಟೆನೋವು ಬರುಸ್ಕೋತಾಳೆ.”

“ಸಾವಿರ ಮೈಲಿ ಆದ್ರೂ ಎರಡೂವರೆ ಗಂಟೆ ಅಷ್ಟೇ, ಯಜಮಾನ್ರೇ,” ಎಂದು ಅವನು ಅಪ್ಪನ ಪಕ್ಕ ನಿಂತಿದ್ದ ನನ್ನ ಕಡೆ ನೋಡಿ ನಕ್ಕ. “ಈ ಮಗಳನ್ನ ಗಂಡನ ಮನೆಗೆ ಕಳ್ಸೋವಾಗ ಏನ್ಮಾಡ್ತೀರಾ?”

ಅಪ್ಪ ನಗಲಿಲ್ಲ. ವಿಮಾನ ನಿಲ್ದಾಣಕ್ಕೆ ಒಯ್ಯುವ ಲಾರಿಗೆ ಮರಿ ಹತ್ತಿ, ಹಲಗೆ ಮುಚ್ಚಿದ ಮೇಲೆ ಕೇಳಿದರು: “ವಾಪಸ್ ಬರೋಕೂ ಅಷ್ಟೇ ಹೊತ್ತಾ?”

ಅವನು ನಗು ನಿಲ್ಲಿಸಿ, ಡ್ರೈವರ್‌ಗೆ ಹೊರಡಲು ಹೇಳಿದ.