ಬಿಟ್ಟಿ ಟಿಕೆಟ್

ದಿಲ್ಲಿಯ ಚಳಿಗೆ ಗಂಡ ಹೆಂಡತಿ ರಜಾಯಿ ಹೊದ್ದು ಕೂತು ಊರು ಆರಿಸುತ್ತಿದ್ದರು. ವಿಮಾನದ ಕಂಪನಿ ಅವನಿಗೊಂದು ಬಿಟ್ಟಿ ಟಿಕೆಟ್ ಕೊಟ್ಟಿತ್ತು. ಎಲ್ಲಿಗೆ ಬೇಕಾದರೂ ಹೋಗಬಹುದಿತ್ತು.

"ಗೋವಾ ಬೇಡ, ಬರೀ ಗದ್ದಲ. ಅಂಡಮಾನ್?" ಎಂದಳು ಹೆಂಡತಿ.

"ತಂಗಿಯನ್ನೇ ಕೇಳುವ," ಎಂದು ಅವನು ಮಂಗಳೂರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದ. "ಒಳ್ಳೆ ಬಿಸಿಲಿರುವ ಊರು ಯಾವುದಾದ್ರೂ ಹೇಳು ಮಾರಾಯ್ತಿ. ಬಿಟ್ಟಿ ಟಿಕೆಟ್ ಉಂಟು."

"ಇಲ್ಲಿಗೇ ಬನ್ನಿ. ನಮಗೆ ಈಗಲೂ ಫ್ಯಾನ್ ಇಲ್ಲದೆ ಮಲಗ್ಲಿಕ್ಕೆ ಆಗುದಿಲ್ಲ. ಟಿಕೆಟ್ ಹೇಗೆ ಸಿಕ್ಕಿತು?"

"ಯಾವುದೋ ಲಕ್ಕಿ ಡ್ರಾದಲ್ಲಿ ಬಂತು."

ಅತ್ತ ತಂಗಿ ಫ್ಯಾನ್ ಆರಿಸಿದ ಸದ್ದು ಕೇಳಿಸಿತು.

"ಅಪ್ಪ ಹೋದ ದಿನ ವಿಮಾನ ತುಂಬಿತ್ತು, ನಿನಗೆ ಸೀಟು ಸಿಗ್ಲಿಲ್ಲ ಅಂದಿದ್ದೆಯಲ್ಲ?"

"ಹೌದು. ಎಷ್ಟು ಬೇಡಿಕೊಂಡ್ರೂ ಕೊಡ್ಲಿಲ್ಲ."

"ದೊಡ್ಡಪ್ಪನ ಮಗನೂ ಅವತ್ತು ದಿಲ್ಲಿಯಲ್ಲಿ ಸೀಟಿಲ್ಲದೆ ಕಾಯ್ತಾ ಇದ್ದ. ಸೀಟು ಬಿಟ್ಟುಕೊಡುವವರು ಕೈ ಎತ್ತಿ, ಬಿಟ್ಟಿ ಟಿಕೆಟ್ ಕೊಡ್ತೇವೆ ಅಂದ್ರಂತೆ ಕಂಪನಿಯವರು. ಯಾರೋ ಒಬ್ಬರು ಆ ಟಿಕೆಟಿನ ಆಸೆಗೆ ತಮ್ಮ ಸೀಟು ಬಿಟ್ಟುಕೊಟ್ರಂತೆ. ಅದರಲ್ಲೇ ಬಂದು ಅಪ್ಪನ ಬಾಯಿಗೆ ನೀರು ಬಿಟ್ಟ."

ಹೆಂಡತಿ ಗಂಡನ ಮುಖ ನೋಡಿದಳು.

"ನೀನು ಕೈ ಎತ್ತಿದ್ದನ್ನು ಅವನು ಹಿಂದಿನಿಂದ ನೋಡಿದ್ದ, ಅಣ್ಣ."